ಓರ್ವಿಲ್ ಪ್ರೂಯಿಟ್‌ನ ಅರವತ್ತೆರಡು

ಎಲ್ಲದಕ್ಕೂ ಕಾರಣ ಒಂದು ಶೂ ಲೇಸು.

ಗುರುವಾರ ಸಂಜೆ ಪೋರ್ಟ್ ಆಲ್ಡೆನ್ ಊರಿನ ವಾದ್ಯತಂಡ ಮಿಲ್ ಸ್ಟ್ರೀಟಿನ ಏರು ಹತ್ತುತ್ತಾ ತಾಲೀಮು ಮಾಡುತ್ತಿತ್ತು. ಎಲ್ಲರಿಗಿಂತ ಮುಂದೆ ದೊಡ್ಡ ಡ್ರಮ್ಮು ಹೊತ್ತು ನಡೆಯುತ್ತಿದ್ದ ಓರ್ವಿಲ್ ಪ್ರೂಯಿಟ್ ಏರಿನ ತುದಿಯಲ್ಲಿ ಅರೆಗಳಿಗೆ ನಿಂತು, ಬಗ್ಗಿ, ಬಿಚ್ಚಿದ ಲೇಸು ಕಟ್ಟಿಕೊಂಡ. ಎದ್ದು ಮತ್ತೆ ಬಾರಿಸತೊಡಗಿದ. ಆದದ್ದು ಅಷ್ಟೇ.

ಆದರೆ ಎದುರಿನ ಜಗಲಿಯಲ್ಲಿ ಕೂತು ಅದನ್ನು ಕಂಡವಳು ಲೊರೇನ್ ಹ್ಯೂಬೆಕ್. ಓರ್ವಿಲ್‌ನ ಪಕ್ಕದ ಮನೆಯವಳು. ಸಾಲದ್ದಕ್ಕೆ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಸಮಿತಿಯ ಅಧ್ಯಕ್ಷೆ. ಶುಕ್ರವಾರ ಬೆಳಗ್ಗೆ ಬೇಕರಿಯಲ್ಲಿ ಅವಳು "ಓರ್ವಿಲ್ ಏರಿನ ಮೇಲೆ ಸ್ವಲ್ಪ ಸುಧಾರಿಸ್ಕೊಂಡ" ಎಂದಳು. ಮಧ್ಯಾಹ್ನ ಕ್ಷೌರದಂಗಡಿ ಮುಟ್ಟುವ ಹೊತ್ತಿಗೆ ಅದು "ಎದೆ ಹಿಡ್ಕೊಂಡ" ಎಂದಾಗಿತ್ತು. ಸಂಜೆ ಚರ್ಚಿನ ಮೀನೂಟದಲ್ಲಿ ಇಬ್ಬರು ಹೆಂಗಸರು ಓರ್ವಿಲ್‌ನ ಹೆಂಡತಿ ನಡೀನಳ ಕೈ ಹಿಡಿದು, "ಧೈರ್ಯವಾಗಿರಮ್ಮ" ಎಂದು ಕಣ್ಣೊರೆಸಿಕೊಂಡರು. ಓರ್ವಿಲ್ ಪಕ್ಕದಲ್ಲೇ ನಿಂತು ಮೂರನೆಯ ತುಂಡು ಮೀನು ತಿನ್ನುತ್ತಿದ್ದ.

ಅವನ ಮೈ ಉರಿದದ್ದರಲ್ಲಿ ತಪ್ಪಿಲ್ಲ. ಮೂವತ್ತೊಂದು ವರ್ಷ ಅಂಚೆ ಹಂಚುತ್ತಾ ಆ ಊರಿನ ಪ್ರತಿಯೊಂದು ಮೆಟ್ಟಿಲನ್ನೂ ಹತ್ತಿಳಿದ ಕಾಲು ಅವನದು. ಇಪ್ಪತ್ತೆಂಟು ವರ್ಷದಿಂದ ಆ ಡ್ರಮ್ಮನ್ನು ಬೇರೊಬ್ಬ ಹೆಗಲಿಗೇರಿಸಿರಲಿಲ್ಲ. ಅವನು ಮೊದಲ ಪೆಟ್ಟು ಕೊಟ್ಟರೆ ಮುಖ್ಯ ರಸ್ತೆಯ ಅಂಗಡಿಗಳ ಗಾಜು ಗುಂಯ್ ಎನ್ನುತ್ತಿತ್ತು, ಕೆರೆಯಂಚಿನ ಬಾತುಗಳು ಒಟ್ಟಿಗೆ ಮೇಲೇಳುತ್ತಿದ್ದವು. ವರ್ಷವಿಡೀ ಸಾಧಾರಣ ಮನುಷ್ಯನಾಗಿದ್ದ ಓರ್ವಿಲ್ ಮೆರವಣಿಗೆಯ ಅದೊಂದು ಬೆಳಗ್ಗೆ ಮಾತ್ರ ಇಡೀ ಊರನ್ನು ತನ್ನ ಹಿಂದೆ ನಡೆಸಿಕೊಂಡು ಹೋಗುತ್ತಿದ್ದ.

ಶನಿವಾರ ಬೆಳಗ್ಗೆ ಲೊರೇನ್ ನೋಟ್‌ಬುಕ್ಕು ಹಿಡಿದು ಬೇಲಿ ದಾಟಿ ಬಂದಳು. ಹಿಂದೆ ಕ್ಲಿಫ್ ಯೋಡರ್ ಇದ್ದ. ವಿಮಾ ಕಂಪನಿಯಿಂದ ನಿವೃತ್ತನಾದವನು; ಹನ್ನೊಂದು ವರ್ಷದಿಂದ ತಂಡದ ಕೊನೆಯ ಸಾಲಿನಲ್ಲಿ ತಾಳ ಕುಟ್ಟುತ್ತಾ, ಮುಂದಿನ ಸಾಲಿನ ಬೆನ್ನುಗಳನ್ನೇ ನೋಡಿಕೊಂಡಿದ್ದವನು.

"ನೋಡು ಓರ್ವಿಲ್, ಬೇಜಾರು ಮಾಡ್ಕೋಬೇಡ," ಎಂದಳು ಲೊರೇನ್. "ಈ ಸಲ ನೀನು ಓಪನ್ ಕಾರಲ್ಲಿ ಕೂತು ಜನಕ್ಕೆ ಕೈ ಬೀಸ್ತಾ ಬಾ. ಡ್ರಮ್ಮು ಕ್ಲಿಫ್ ಹೊರಲಿ."

"ಕಾರಲ್ಲಿ ಕೂರೋದು ಮುದುಕರು!"

"ನಿಂಗೆಷ್ಟೀಗ?"

"ಅರವತ್ತಾರು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಂಗೇನೂ ಆಸೆ ಇಲ್ಲಪ್ಪ," ಎಂದು ಕ್ಲಿಫ್ ನೆಲ ನೋಡಿದ. "ಸುಮ್ನೆ ನಿನ್ನೆ ಹೆಗಲಿಗೆ ಹಾಕಿ ನೋಡ್ದೆ. ಹೇಳಿ ಹೊಲಿಸ್ದಂಗೆ ಕೂತ್ಕೊಳ್ತು."

ಓರ್ವಿಲ್‌ನ ಕಿವಿ ಕೆಂಪಾಯಿತು. "ನನ್ನೆದೆ ಗಡಿಯಾರದ ಹಾಗಿದೆ. ಡಾಕ್ಟರ ಹತ್ರ ಬರೆಸ್ಕೊಂಡು ಬರ್ತೀನಿ."

"ಡಾಕ್ಟರು ಸಿಗೋದು ಸೆಪ್ಟೆಂಬರಿಗೆ," ಎಂದಳು ಒಳಗಿನಿಂದ ಬಂದ ನಡೀನ್. ಈ ಮನೆಯಲ್ಲಿ ಉಪಾಯ ಹೇಳುವವಳು ಅವಳೇ. "ಮಾಲ್‌ನಲ್ಲಿ ಆ ಹೊಸ ವಾಚು ಬಂದಿದೆಯಲ್ಲ, ಎದೆಬಡಿತ ಹೇಳೋದು. ಕಟ್ಕೊಂಡು ನೋಡೋಕೆ ಯಾರೂ ಕಾಸು ಕೇಳಲ್ಲ."

"ನಾನೂ ಬರ್ತೀನಿ," ಎಂದಳು ಲೊರೇನ್. "ನನ್ನ ಕಣ್ಣಲ್ಲೇ ನೋಡ್ಬೇಕು." ಅಷ್ಟು ಹೊತ್ತಿಗೆ ಕ್ಲಿಫ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಾಗಿತ್ತು.

ಮಾಲ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಾಚಿನ ಮೇಜು ನೋಡಿಕೊಳ್ಳುತ್ತಿದ್ದವಳು ಯೊಲಾಂಡಾ ಎಂಬ ನಗುಮುಖದ ಹೆಂಗಸು. "ಸರ್, ಮೊದಲು ವಾಚಿನ ಬೆಲ್ಟು ಆರಿಸ್ಕೊಳ್ಳಿ," ಎಂದು ಅವಳು ಒಂದು ಉದ್ದನೆಯ ಟ್ರೇ ಹೊರಗೆಳೆದಳು. ಒಳಗೆ ಹಾವಿನ ಮರಿಗಳ ಹಾಗೆ ನಲವತ್ತು ಬಗೆ ಬೆಲ್ಟು ಸುರುಳಿ ಸುತ್ತಿ ಮಲಗಿದ್ದವು.

ಮೊದಲು ರಬ್ಬರಿನದು. ಅದು ಓರ್ವಿಲ್‌ನ ಮುಂಗೈ ಕೂದಲನ್ನು ಎಷ್ಟು ಪ್ರೀತಿಯಿಂದ ಹಿಡಿಯಿತೆಂದರೆ, ಬಿಚ್ಚುವಾಗ ಅವನು ಹಾಕಿದ ಕೂಗಿಗೆ ಟಿವಿ ವಿಭಾಗದವರು ದನಿ ತಗ್ಗಿಸಿದರು. ನೇಯ್ದ ಬೆಲ್ಟನ್ನು ನಡೀನ್ ಮೆಚ್ಚಿದಳು. "ನಮ್ಮ ಸೋಫಾ ಕವರ್ ಇದ್ದಂಗಿದೆ" ಎಂದು ಲೊರೇನ್ ಅದನ್ನು ಕೊಂದಳು. ಮೂರನೆಯದು ಸಣ್ಣ ಬಳೆಯಂಥ ಉಕ್ಕಿನ ಜಾಲರಿ, ಅಯಸ್ಕಾಂತದಿಂದ ಕಚ್ಚಿಕೊಳ್ಳುವುದು.

"ಇದು ಗಂಡಸಿನ ಬೆಲ್ಟು ಅಂದ್ರೆ," ಎಂದು ಓರ್ವಿಲ್ ಗತ್ತಿನಿಂದ ಪಕ್ಕದ ಫ್ರಿಜ್ಜಿಗೆ ಕೈ ಊರಿದ. ಟಕ್ ಎಂದಿತು. ಕೈ ತೆಗೆಯಲು ನೋಡಿದರೆ ಫ್ರಿಜ್ಜಿನ ಬಾಗಿಲೂ ಜೊತೆಗೇ ಬಂತು.

"ಏನಾಯ್ತು?" ಎಂದಳು ಲೊರೇನ್.

"ಏನಿಲ್ಲ. ಒಳಗೆ ಎಷ್ಟು ಜಾಗ ಇದೆ ಅಂತ ನೋಡ್ತಿದ್ದೆ," ಎಂದ ಓರ್ವಿಲ್. ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಆರನೆಯ ಸಲಕ್ಕೆ ಒಬ್ಬ ಮಾರಾಟಗಾರ ಓಡಿ ಬಂದು ಆ ಫ್ರಿಜ್ಜಿನ ಗುಣಗಾನ ಶುರುಮಾಡಿದ. ಐಸ್ ಟ್ರೇ ತನಕ ಪೂರ್ತಿ ಕೇಳಿಸಿಕೊಂಡ ಮೇಲೆಯೇ ನಡೀನ್ ಬಂದು ಗಂಡನ ಕೈಯನ್ನು ಜಗ್ಗಿ ಬಿಡಿಸಿದಳು.

ಕೊನೆಗೆ ಉಳಿದದ್ದು ಕೊಂಡಿಯೇ ಇಲ್ಲದ, ಹಿಗ್ಗಿಸಿ ತೂರಿಸಿಕೊಳ್ಳುವ ಬೆಲ್ಟು.

"ನಿಮಗೆ ಒಂಬತ್ತನೇ ಸೈಜು ಬೇಕಾಗುತ್ತೆ ಸರ್," ಎಂದಳು ಯೊಲಾಂಡಾ ಅಳೆದು ನೋಡಿ.

"ಕ್ಲಿಫ್‌ಗೆ ಎಷ್ಟು?"

"ಅವರಿಗೆ ಆರು ಸಾಕು."

"ಹಾಗಾದ್ರೆ ನಂಗೂ ಆರೇ ಕೊಡಮ್ಮ. ಸೈನ್ಯಕ್ಕೆ ಸೇರ್ದಾಗ ಹೇಗಿದ್ದೆನೋ ಹಾಗೇ ಇದ್ದೀನಿ."

ಯೊಲಾಂಡಾ ಮೇಜಿನ ಮೇಲಿದ್ದ ವಾಚನ್ನು ಅದಕ್ಕೆ ಸಿಕ್ಕಿಸಿಕೊಟ್ಟಳು. ಆರು ಒಳಗೆ ಹೋಯಿತು. ಹೇಗೆ ಹೋಯಿತೆಂದು ಓರ್ವಿಲ್‌ಗೂ ಅವನ ಹೆಬ್ಬೆರಳಿಗೂ ಮಾತ್ರ ಗೊತ್ತು. ಆದರೆ ನೋವು ಮರೆಯುವಂಥದ್ದು ವಾಚಿನ ಮುಖದಲ್ಲಿ ಕಂಡಿತು. ಒಂದು ಕೆಂಪು ಹೃದಯ, ಅದರ ಪಕ್ಕ ದಪ್ಪಕ್ಷರದಲ್ಲಿ: 62.

"ಅರವತ್ತೆರಡು!" ನಡೀನ್ ಕೈ ತಟ್ಟಿದಳು. "ಓಟಗಾರರಿಗೆ ಇರುತ್ತಲ್ಲ, ಅಷ್ಟು!"

ಲೊರೇನ್ ಕನ್ನಡಕ ಏರಿಸಿದಳು. "ನಿಂತಿದ್ರೆ ಅರವತ್ತೆರಡು. ಡ್ರಮ್ಮು ಹೊತ್ತು ಏರು ಹತ್ತಿದ್ರೆ?"

ಓರ್ವಿಲ್ ಪಕ್ಕದ ಸಾಲಿನಿಂದ ಒಂದು ಮೈಕ್ರೊವೇವ್ ಒಲೆಯ ಪೆಟ್ಟಿಗೆಯನ್ನು ಎತ್ತಿ ಹೊಟ್ಟೆಗೆ ಅವಚಿಕೊಂಡ. ಬೆನ್ನು ಕೋಲಿನಷ್ಟು ನೆಟ್ಟಗಾಯಿತು. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಪೆಟ್ಟಿಗೆ ಬಾರಿಸುತ್ತಾ ಹೊರಟೇಬಿಟ್ಟ. ಢಂ, ಢಂ, ಢಂಢಂಢಂ. ಬಟ್ಟೆ ಒಗೆಯುವ ಯಂತ್ರಗಳ ಮುಂದೆ ಹಾದು, ಟಿವಿಗಳ ಸಾಲು ಸುತ್ತಿ, ಕಂಪ್ಯೂಟರ್ ಮೇಜು ಬಳಸಿ ಬಂದ. ಎರಡನೆಯ ಸುತ್ತಿಗೆ ಜನ ದಾರಿ ಬಿಟ್ಟರು. ಮೂರನೆಯ ಸುತ್ತಿಗೆ, ದಿನಾ ಮಾಲ್‌ನಲ್ಲಿ ನಡೆದಾಡಲು ಬರುವ ಬಿಳಿಕೂದಲಿನ ಏಳೆಂಟು ಮಂದಿ ಅವನ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಅವರಲ್ಲೊಬ್ಬ ಬಾಯಲ್ಲೇ ಕಹಳೆ ಊದುತ್ತಿದ್ದ.

ಓರ್ವಿಲ್ ವಾಚಿನ ಮೇಜಿನ ಮುಂದೆ ನಿಂತು ಕೈ ಚಾಚಿದ. 62.

ಅಂಗಡಿ ಚಪ್ಪಾಳೆ ಹೊಡೆಯಿತು. "ಈ ಮನುಷ್ಯನದು ಎದೆಯೋ ಎಂಜಿನ್ನೋ!" ಎಂದ ಕಹಳೆಯವನು. ಲೊರೇನ್ ಎರಡು ಸಲ ವಾಚು ನೋಡಿದಳು, ಒಂದು ಸಲ ಓರ್ವಿಲ್‌ನ ಮುಖ ನೋಡಿದಳು. ನೋಟ್‌ಬುಕ್ಕು ತೆಗೆದು ಎಲ್ಲರೆದುರೇ ಬರೆದಳು: ದೊಡ್ಡ ಡ್ರಮ್ಮು, ಓರ್ವಿಲ್ ಪ್ರೂಯಿಟ್.

"ನೀನೇ ಗೆದ್ದೆ ಕಣಯ್ಯ. ನನ್ನಿಂದ ತಪ್ಪಾಯ್ತು," ಎಂದಳು. ಹತ್ತೊಂಬತ್ತು ವರ್ಷದ ನೆರೆಹೊರೆಯಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಓರ್ವಿಲ್‌ನ ಎದೆ ಉಬ್ಬಿ ಅಂಗಿಯ ಗುಂಡಿಗಳಿಗೆ ಕೆಲಸ ಕೊಟ್ಟಿತು.

ಇನ್ನು ವಾಚು ಬಿಚ್ಚಿಕೊಟ್ಟು ಹೊರಟರೆ ಮುಗಿಯಿತು. ವಾಚು ಬಿಚ್ಚಲಿಲ್ಲ.

ಕೈ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಯೊಲಾಂಡಾ ಎಳೆದಳು. ನಡೀನ್ ಓರ್ವಿಲ್‌ನ ಸೊಂಟ ಹಿಡಿದು ಆ ಕಡೆಗೆ ಎಳೆದಳು. "ಬೆಣ್ಣೆ ಹಚ್ಚಿ," ಎಂದರು ಯಾರೋ. "ಕೈ ಮೇಲೆತ್ತಿ," ಎಂದರು ಇನ್ಯಾರೋ. ಕ್ಲಿಫ್ ಮೆಲ್ಲಗೆ, "ಆ ಕೈ ಹೋದ್ರೆ ಡ್ರಮ್ಮು ಬಾರ್ಸೋಕಾಗಲ್ಲ, ಅಲ್ವಾ?" ಎಂದು ವಿಚಾರಿಸಿದ. ಪಕ್ಕದ ಅಂಗಡಿಯಿಂದ ತಂದ ಲ್ಯಾವೆಂಡರ್ ಲೋಷನ್ನನ್ನು ಅರ್ಧ ಬಾಟಲಿ ಸುರಿದದ್ದೇ ತಡ, ವಾಚು ಪುಟಿದು ಗಾಳಿಯಲ್ಲಿ ಹಾರಿ, ಲೊರೇನ್ ಆಗಷ್ಟೇ ತಂದು ಹೀರುತ್ತಿದ್ದ ನಿಂಬೆ ಶರಬತ್ತಿನ ದೊಡ್ಡ ಲೋಟದೊಳಗೆ ಪುಳಕ್ಕೆಂದು ಬಿತ್ತು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುಖದ ಮೇಲಿನ ಶರಬತ್ತು ಒರೆಸಿಕೊಳ್ಳುತ್ತಾ ಲೊರೇನ್ ಕೂಡ ನಕ್ಕಳು. ಓರ್ವಿಲ್ ಲೋಟ ಇಸಿದುಕೊಂಡು ಒಳಗೆ ಬಗ್ಗಿ ನೋಡಿದ. ಅವನ ನಗು ಅಲ್ಲೇ ನಿಂತಿತು.

ಐಸ್ ತುಂಡುಗಳ ನಡುವೆ, ನಿಂಬೆ ಹೋಳಿನ ಪಕ್ಕ, ಕೆಂಪು ಹೃದಯ ಮಿಟುಕುತ್ತಿತ್ತು. 62.

"ನೀವೆಲ್ಲ ಹೋಗಿ ಏನಾದ್ರೂ ತಿಂತಾ ಇರಿ, ನಾನು ಕೈ ತೊಳ್ಕೊಂಡು ಬರ್ತೀನಿ," ಎಂದು ಮೂವರನ್ನೂ ಊಟದ ಅಂಗಡಿಗಳ ಕಡೆ ಸಾಗಹಾಕಿ, ಅವನು ಯೊಲಾಂಡಾಳ ಕಿವಿಯ ಬಳಿ ಕೇಳಿದ: "ಅಮ್ಮಾ, ಶರಬತ್ತಿಗೂ ಎದೆಬಡಿತ ಇರುತ್ತಾ?"

ಅವಳು ತುಟಿ ಕಚ್ಚಿದಳು. "ಅದು ತೋರಿಸೋಕೆ ಇಟ್ಟಿರೋ ವಾಚು ಸರ್. ಯಾರು ಕಟ್ಟಿದ್ರೂ ಅರವತ್ತೆರಡೇ. ಹೇಳೋಣ ಅಂತಲೇ ಇದ್ದೆ, ಅಷ್ಟ್ರಲ್ಲಿ ನೀವು ಮೆರವಣಿಗೆ ಹೊರಟ್ರಿ. ನಿಮ್ಮ ಮುಖ ನೋಡಿ ನಂಗೆ ಬಾಯಿ ಬರ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಸದ್ದಿಲ್ಲದೆ ಮನೆಗೆ ಹೋಗುತ್ತಿದ್ದರು. ಡ್ರಮ್ಮು ಸಿಕ್ಕಿತ್ತು, ಲೊರೇನ್ ತಪ್ಪೊಪ್ಪಿಕೊಂಡಿದ್ದಳು, ಗುಟ್ಟು ಬಲ್ಲವಳು ಯೊಲಾಂಡಾ ಒಬ್ಬಳೇ. ಆದರೆ ಓರ್ವಿಲ್‌ಗೆ ಆ ಚಪ್ಪಾಳೆ ಬೇರೆಯವರ ಕೋಟು ಹಾಕಿಕೊಂಡ ಹಾಗೆ ಇರುಸುಮುರುಸು ತಂದಿತು. ಹೊಗಳಿಸಿಕೊಂಡದ್ದು ಅವನ ಎದೆಯಲ್ಲ, ಯಾವುದೋ ಕಾರ್ಖಾನೆಯವರು ಬರೆದಿಟ್ಟ ಒಂದು ಅಂಕಿ!

"ನಿಜ ಹೇಳೋ ವಾಚು ಕೊಡು," ಎಂದ. "ಒಂಬತ್ತನೇ ಸೈಜು."

ಹೊಸ ಪೆಟ್ಟಿಗೆ ಒಡೆದು, ಅವನ ಹಳೆಯ ಫೋನಿಗೂ ವಾಚಿಗೂ ಪರಿಚಯ ಮಾಡಿಸಿ ಮುಗಿಸಲು ಯೊಲಾಂಡಾಗೆ ಮುಕ್ಕಾಲು ಗಂಟೆ ಹಿಡಿಯಿತು. ಓರ್ವಿಲ್ ಸ್ಟೂಲಿನ ಮೇಲೆ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ. ಕೈಯ ಮೇಲೆ ಸಣ್ಣಗೆ ಗುರ್ರೆಂದಿತು. ಒಂದೇ ಕಣ್ಣು ತೆರೆದ.

61.

ಸುಳ್ಳಿಗಿಂತ ಒಂದು ಕಡಿಮೆ, ಅಂದರೆ ಒಂದು ಮೇಲು! ಓರ್ವಿಲ್ ಯೊಲಾಂಡಾಳ ಎರಡೂ ಕೈ ಹಿಡಿದು ಕುಲುಕಿ, ಒಂದೊಂದು ಹೆಜ್ಜೆಗೂ ಪುಟಿಯುತ್ತಾ ಊಟದ ಅಂಗಡಿಗಳ ಕಡೆ ನಡೆದ. ಮೂವರೂ ಒಂದು ಮೇಜಿನಲ್ಲಿ ಕೂತು ಉಪ್ಪು ಹಚ್ಚಿದ ಪ್ರೆಟ್ಜೆಲ್ ಬ್ರೆಡ್ಡು ತಿನ್ನುತ್ತಿದ್ದರು.

"ಲೊರೇನ್! ಅದು ಸುಳ್ಳು ವಾಚು! ಯಾರಿಗಾದ್ರೂ ಅರವತ್ತೆರಡೇ ತೋರಿಸುತ್ತಂತೆ, ನಿನ್ನ ಶರಬತ್ತಿಗೂ ತೋರಿಸ್ತು! ಇದು ನಿಜದ್ದು. ನೋಡು, ಅರವತ್ತೊಂದು!"

ಲೊರೇನ್ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರೆ ನಾನು ಬರ್ಕೊಂಡಿದ್ದು ಸುಳ್ಳಿನ ಮೇಲೆ."

"ಹೌದು, ಆದ್ರೆ ನಿಜ ಅದಕ್ಕಿಂತ ಚೆನ್ನಾಗಿದೆ!"

"ಒಂದು ಗಂಟೆ ಹಿಂದೆ ಆ ವಾಚೇ ನಿಜ ಅಂದೆ. ಈಗ ಅದು ಸುಳ್ಳು, ಇದು ನಿಜ ಅಂತೀಯ. ಸಂಜೆ ಹೊತ್ತಿಗೆ ಇದೂ ಸುಳ್ಳು ಅಂದ್ರೆ ನಾನೇನು ಮಾಡ್ಲಿ ಮಾರಾಯ?"

"ಇದು ನಾನು ಕೊಂಡಿದ್ದು!"

"ಕೊಂಡಿದ್ದೆಲ್ಲ ನಿಜ ಆಗ್ಬಿಡುತ್ತಾ?" ಎಂದ ಕ್ಲಿಫ್, ತೀರ ವಿನಯದಿಂದ.

ಓರ್ವಿಲ್ ಕುರ್ಚಿ ಎಳೆದು ಧೊಪ್ಪನೆ ಕೂತು ಮೇಜು ಗುದ್ದಿದ. ಬಾಯಿಗೆ ಬಂದದ್ದೆಲ್ಲ ಹೇಳಿದ: ಲೇಸಿನ ಕತೆ, ಮೀನೂಟದ ಕಣ್ಣೀರು, ಮೂವತ್ತೊಂದು ವರ್ಷದ ಮೆಟ್ಟಿಲು, ನೆರೆಯವರ ನಾಲಗೆ. ಆಸುಪಾಸಿನ ಮೇಜುಗಳವರು ತಿರುಗಿ ನೋಡಿದರು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ಆಗ ವಾಚು ಗುರ್ರೆಂದಿತು, ನಿಲ್ಲದೆ ಗುರ್ರೆಂದಿತು.

ಲೊರೇನ್ ಅವನ ಕೈಯನ್ನು ತನ್ನತ್ತ ತಿರುಗಿಸಿ, ಕನ್ನಡಕ ಸರಿಮಾಡಿ, ಗಟ್ಟಿಯಾಗಿ ಓದಿದಳು: "'ಎದೆಬಡಿತ ನೂರ ಮೂವತ್ತನಾಲ್ಕು. ನೀವು ಕುಳಿತಿರುವಂತೆ ಕಾಣುತ್ತದೆ, ಆದರೂ ಬಡಿತ ಹೆಚ್ಚಾಗಿದೆ.'"

ಅವಳು ಕೈ ಬಿಟ್ಟಳು. "ನೀನು ಹೇಳಿದ್ದು ಸರಿ ಓರ್ವಿಲ್. ಈ ವಾಚು ನಿಜ ಹೇಳುತ್ತೆ."

ನೋಟ್‌ಬುಕ್ಕು ಹೊರಬಂತು. ಒಂದು ಹೆಸರು ಹೋಯಿತು, ಒಂದು ಹೆಸರು ಬಂತು. ಕ್ಲಿಫ್ ಎದ್ದು ನಿಂತು, ಯಾರೂ ಕೇಳದಿದ್ದರೂ, ಹೆಗಲು ಅಗಲಿಸಿ ನೋಡಿಕೊಂಡ. ಕ್ಲಿಫ್, ಲೊರೇನ್ ಇಬ್ಬರೂ ಕಾರಿನ ಕಡೆ ಹೋದರು.

ಓರ್ವಿಲ್ ಮತ್ತು ನಡೀನ್ ಕಾರಂಜಿಯ ಪಕ್ಕದ ಬೆಂಚಿನ ಮೇಲೆ ಕೂತರು.

"ಬಾಯಿ ಮುಚ್ಕೊಂಡಿದ್ರೆ ಡ್ರಮ್ಮು ನಿಂದೇ ಆಗ್ತಿತ್ತಲ್ಲೋ," ಎಂದಳು ನಡೀನ್.

"ಸುಳ್ಳು ಅರವತ್ತೆರಡು ಇಟ್ಕೊಂಡು? ನಂದು ಅರವತ್ತೊಂದು ಕಣೇ!"

ನಡೀನ್ ಲ್ಯಾವೆಂಡರ್ ವಾಸನೆಯ ಆ ಬಾತ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ವಾಚು ಮತ್ತೆ ಗುರ್ರೆಂದಿತು. ಅವಳೇ ಓದಿದಳು: "'ಶಾಭಾಷ್! ಇಂದಿನ ವ್ಯಾಯಾಮದ ಗುರಿ ಮುಟ್ಟಿದ್ದೀರಿ.'"

ಜಗಳವನ್ನೂ ಅದು ಲೆಕ್ಕಕ್ಕೆ ಹಿಡಿದಿತ್ತು. ಓರ್ವಿಲ್ ಬೆನ್ನು ನೆಟ್ಟಗೆ ಮಾಡಿದ. ಅಂಗಿಯ ತೋಳನ್ನು ಮೊಣಕೈವರೆಗೂ ಮಡಚಿ, ಎದುರಿನಿಂದ ಬರುತ್ತಿದ್ದ ಬಿಳಿಕೂದಲಿನವರ ಗುಂಪಿಗೆ ಕಾಣುವ ಹಾಗೆ ಕೈಯನ್ನು ಮುಂದೆ ಚಾಚಿದ.

"ಇನ್ನೂ ಮಧ್ಯಾಹ್ನ ಕೂಡ ಆಗಿಲ್ಲ, ನೋಡ್ರಪ್ಪ," ಎಂದ.