ಎಡಗಡೆ ಮಡ್‌ಗಾರ್ಡಿನ ಎಮ್ಮೆ

ಮುರಿದ ವಸ್ತುಗಳಿಗೆ ಬೆಲೆ ಹೇಳಿ ಹೊಟ್ಟೆ ಹೊರೆಯುವವನು ನಾನು. ಗಟ್ಟಿಮುಟ್ಟಾಗಿರುವ ವಸ್ತುವಿನ ಬೆಲೆ ಇವತ್ತಿಗೂ ನನಗೆ ತಿಳಿಯುವುದಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಗೋಡೆಗೆ ‘ವಾಹನ ವಿಮಾ ಸರ್ವೇಯರ್’ ಎಂಬ ಬೋರ್ಡು ನೇತಾಡುತ್ತಿದೆ. ಲಾರಿಗೆ ಗುದ್ದಿದ ಕಾರು, ಕಾರಿಗೆ ಗುದ್ದಿದ ಆಟೋ, ಯಾರಿಗೂ ಗುದ್ದದೆ ತಾನಾಗಿಯೇ ಗದ್ದೆಗೆ ಇಳಿದ ಟ್ರ್ಯಾಕ್ಟರು, ಇವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆದುಕೊಡುವುದು ನನ್ನ ಕಸುಬು. ಆದರೆ ತರಕಾರಿ ಮಾರ್ಕೆಟ್ಟಿಗೆ ಹೋದರೆ ನನ್ನ ಹೆಂಡತಿ ನನ್ನನ್ನು ಸ್ಕೂಟರಿನ ಹತ್ತಿರವೇ ಕಾವಲಿಗೆ ನಿಲ್ಲಿಸುತ್ತಾಳೆ. “ನೀವು ಒಳಗ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ಬದನಿಕಾಯಿ ರೇಟು ತಾನ ಏರತೈತಿ” ಎನ್ನುತ್ತಾಳೆ. ನಾನು ನಿಲ್ಲುತ್ತೇನೆ. ಒಡೆದ ಬದನೆಕಾಯಿಯಾದರೆ ನನ್ನನ್ನೇ ಕರೆಯಬೇಕಾಗುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಈ ಕಸುಬು ನನಗೆ ಒಂದು ಕೆಟ್ಟ ಚಾಳಿಯನ್ನು ಅಂಟಿಸಿದೆ. ನಾನು ಯಾರ ನೆನಪನ್ನೂ ನಂಬುವುದಿಲ್ಲ. ಅಪಘಾತವಾದ ಒಂದು ತಾಸಿನೊಳಗೆ ಕೇಳಿದರೆ ಐದು ಜನ ಐದು ಥರ ಹೇಳುತ್ತಾರೆ. ಒಂದು ವಾರ ಬಿಟ್ಟು ಕೇಳಿದರೆ ಐದೂ ಜನ ಒಂದೇ ಥರ ಹೇಳುತ್ತಾರೆ. ನನಗೆ ಹೆದರಿಕೆ ಎರಡನೆಯದಕ್ಕೆ. ಎಲ್ಲಿ ನೆನಪು ಇಸ್ತ್ರಿ ಮಾಡಿದಂತೆ ನೆಟ್ಟಗಿದೆಯೋ ಅಲ್ಲಿ ಯಾರೋ ಇಸ್ತ್ರಿ ಮಾಡಿದ್ದಾರೆ ಎಂದೇ ಲೆಕ್ಕ. ಅದರಲ್ಲೂ ಎಮ್ಮೆಯ ವಿಷಯ. ಹೇಗಾಯಿತು ಎಂದು ಕೇಳಿದರೆ ಹತ್ತರಲ್ಲಿ ಆರು ಡ್ರೈವರುಗಳು “ಎಮ್ಮಿ ಅಡ್ಡ ಬಂತ್ರಿ” ಎನ್ನುತ್ತಾರೆ. ಕ್ಲೇಮು ಕಾಗದಗಳಲ್ಲಿ ಅಡ್ಡ ಬಂದಿರುವಷ್ಟು ಎಮ್ಮೆಗಳು ನಮ್ಮ ಸೀಮೆಯಲ್ಲಿ ಹುಟ್ಟಿಯೇ ಇಲ್ಲ. ಆ ಎಮ್ಮೆಗೆ ಗಾಯವಾಗುವುದಿಲ್ಲ, ಮಾಲೀಕ ಇರುವುದಿಲ್ಲ, ಸಾಕ್ಷಿ ಹೇಳಲು ಅದು ನಿಲ್ಲುವುದೂ ಇಲ್ಲ. ಇಷ್ಟು ವರ್ಷಗಳಲ್ಲಿ ನಾನು ಒಂದೇ ಒಂದು ಎಮ್ಮೆಯನ್ನೂ ಒಪ್ಪಿಕೊಂಡಿಲ್ಲ. ಕೆಂಪು ಪೆನ್ನಿನಿಂದ ಹೊಡೆದು ಹಾಕಿ, ‘ಚಾಲಕನ ಅಜಾಗರೂಕತೆ’ ಎಂದು ಬರೆಯುತ್ತೇನೆ. ಗ್ಯಾರೇಜುಗಳಲ್ಲಿ ನನ್ನ ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂದು ನೀವೇ ಊಹಿಸಿಕೊಳ್ಳಿ.

ಇಂಥ ನನಗೆ ಸಿರುಗುಪ್ಪದಿಂದ ನನ್ನ ಸೋದರಮಾವ ಪಂಪಾಪತಿ ಫೋನು ಮಾಡಿದರು. “ಅಳಿಯಾ, ಗಾಡಿ ಕೊಡಬೇಕಂತ ಮಾಡೀನಿ. ಕಣ್ಣಿನ ಡಾಕ್ಟರು ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ ಅಂದಾರ.”

ಹಿಂದಿನಿಂದ ಅತ್ತೆಯ ದನಿ ಕೇಳಿತು: “ಮೊನ್ನಿ ಕರೆಂಟ್ ಕಂಬಕ್ಕ ನಮಸ್ಕಾರ ಹೊಡದು, ಆರಾಮ ಅದೀರೇನ್ರಿ ಅಂದೀರಿ. ಅದನ್ನೂ ಹೇಳ್ರಿ!”

ಗಾಡಿ ಎಂದರೆ ಮಾವನ ಅಂಬಾಸಿಡರ್. ಭತ್ತದ ವ್ಯಾಪಾರ ಮಾಡುವಾಗ ಕೊಂಡದ್ದು. ಬೀಗರೂ ಅದರಲ್ಲೇ ಬಂದರು, ಭತ್ತದ ಚೀಲಗಳೂ ಅದರಲ್ಲೇ ಬಂದವು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ್ದಾನಂತೆ. ಅದು ಮಾವನಿಗೆ ಎದೆಗೆ ಒದ್ದಂತಾಗಿದೆ. ಇನ್ನೊಬ್ಬ ಗಿರಾಕಿ ಕುರುಗೋಡಿನ ದೊಡ್ಡಬಸಪ್ಪ, ಅತ್ತೆಯ ಖಾಸಾ ತಮ್ಮ, ಎತ್ತಿನ ವ್ಯಾಪಾರಿ, ನನ್ನದೇ ಓರಗೆಯವನು. ಮಾವ ಅವನಿಗೆ ಮೂವತ್ತು ವರ್ಷಗಳಿಂದ ಆ ಕಾರಿನ ಸ್ಟೇರಿಂಗ್ ಮುಟ್ಟಲು ಬಿಟ್ಟಿಲ್ಲ. ಈಗ ಅವನಿಗೇ ಮಾರಬೇಕು. ಬೆಲೆ ಮಾತ್ರ ಇಬ್ಬರೂ ಹೇಳಲೊಲ್ಲರು. ಹೆಚ್ಚು ಕೇಳಿದರೆ ಹೆಂಡತಿಯ ತಮ್ಮನನ್ನು ಸುಲಿದಂತೆ, ಕಡಿಮೆ ಕೇಳಿದರೆ ಗುಜರಿಯವನ ಮಾತು ನಿಜ ಮಾಡಿದಂತೆ. ಆದ್ದರಿಂದ ನಾನು ಹೇಳಿದ್ದೇ ಬೆಲೆ.

ಅತ್ತೆ ಫೋನು ಕಸಿದುಕೊಂಡರು. “ನೋಡಪಾ, ಇವರಿಬ್ಬರೂ ಮೂವತ್ತು ವರ್ಷ ಆತು, ಮನಸ ಬಿಚ್ಚಿ ಮಾತಾಡಿಲ್ಲ. ಈಗ ಈ ಡಬ್ಬಿ ನೆವಕ್ಕ ಒಂದಾಗಾಕ ಹತ್ತ್ಯಾರ. ನಿನ್ನ ರೇಟು ತಪ್ಪಿತು ಅಂದ್ರ ನನಗ ತವರಮನಿ ಮುಗೀತು. ತಿಳೀತಿಲ್ಲೋ?”

ತಿಳಿಯಿತು. ಆ ಕ್ಷಣವೇ ನಿರ್ಧಾರ ಮಾಡಿದೆ: ಸಿರುಗುಪ್ಪಕ್ಕೆ ಅಳಿಯನಾಗಿ ಹೋಗುವುದಿಲ್ಲ, ಸರ್ವೇಯರಾಗಿ ಹೋಗುತ್ತೇನೆ. ಟೇಪು, ಟಾರ್ಚು, ಫಾರಮ್ಮು, ಸೀಲು, ನೀಲಿ ಪೆನ್ನು, ಕೆಂಪು ಪೆನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಬೆಲೆ ತೀರ್ಮಾನವಾಗುವ ತನಕ ಆ ಮನೆಯಲ್ಲಿ ಏನೂ ತಿನ್ನುವುದಿಲ್ಲವೆಂದೂ ಪಣ ತೊಟ್ಟೆ. ತಿಂದ ಬಾಯಿ ಪಕ್ಷ ವಹಿಸುತ್ತದೆ. ನಾನು ಅಂಗಳಕ್ಕೆ ಕಾಲಿಡುವುದಕ್ಕೂ ಅತ್ತೆ ಮಿರ್ಚಿಯನ್ನು ಎಣ್ಣೆಗೆ ಬಿಡುವುದಕ್ಕೂ ಸರಿಹೋಯಿತು. ಮಂಡಕ್ಕಿ ಒಗ್ಗರಣೆಯ ವಾಸನೆ ಬಾಗಿಲಿನ ತನಕ ಬಂದು ಕೈಹಿಡಿದು ಎಳೆಯಿತು. “ಆಮೇಲೆ ಅತ್ತೀ” ಎಂದೆ. ಆ ಎರಡು ಶಬ್ದ ಹೇಳಲು ನಾನು ಪಟ್ಟ ಕಷ್ಟ ಯಾವ ಕ್ಲೇಮಿನಲ್ಲೂ ಪಟ್ಟಿಲ್ಲ.

ಕಾರು ಹಿತ್ತಲ ಶೆಡ್ಡಿನಲ್ಲಿತ್ತು. ಬಾಗಿಲು ತೆಗೆದರೆ ಪೆಟ್ರೋಲಿಗಿಂತ ಮೊದಲು ತೌಡಿನ ವಾಸನೆ. ಹಿಂದಿನ ಸೀಟಿನ ಸಂದಿಯಲ್ಲಿ ಯಾವಾಗಲೋ ಉದುರಿದ ಭತ್ತ ಮೊಳಕೆಯೊಡೆದು, ಬೆಳೆಯಲು ನೋಡಿ, ಬೇಸತ್ತು ಒಣಗಿತ್ತು. ನಾನು ನಿರ್ದಯನಾಗಿ ಬರೆಯುತ್ತ ಹೋದೆ: ಟೈರು ಸವೆದಿದೆ, ಕಡಿತ. ರಬ್ಬರು ಸೀಳಿದೆ, ಕಡಿತ. ಮಾವ ಪಕ್ಕದಲ್ಲೇ ನಿಂತು ಒಂದೊಂದು ಕಡಿತಕ್ಕೂ ಒಂದೊಂದು ನೆನಪನ್ನು ಅಡ್ಡ ಹಿಡಿಯುತ್ತಿದ್ದರು. “ನಿಮ್ಮತ್ತೀನ ಮದಿವ್ಯಾದ ಮ್ಯಾಲೆ ಕುರುಗೋಡಿಂದ ಇದರಾಗ ಕರಕೊಂಡು ಬಂದೆ. ಈ ಸೀಟಿನ ಮ್ಯಾಗ ಕುಂತಿದ್ಲು.”

ಒಳಗಿನಿಂದ ಅತ್ತೆ ಕೂಗಿದರು: “ಟ್ರ್ಯಾಕ್ಟರಿನ್ಯಾಗ ಕರಕೊಂಡು ಬಂದ್ರಿ! ನಡ ಮುರದು ಮೂರು ದಿನ ಎದ್ದಿರಲಿಲ್ಲ!”

ನಾನು ಆರ್‌ಸಿ ಪುಸ್ತಕ ತೆಗೆದು ನೋಡಿದೆ. ಕಾರು ಬಂದದ್ದು ಮದುವೆಯಾಗಿ ನಾಲ್ಕು ವರ್ಷಕ್ಕೆ. ಮಾವನಿಗೆ ತೋರಿಸಿದೆ. ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, “ಆಫೀಸಿನವರು ತಪ್ಪು ಬರದಾರ” ಎಂದು ಹಿಂದಿರುಗಿಸಿದರು. ನೆನಪಿಗೂ ದಾಖಲೆಗೂ ಜಗಳವಾದರೆ ನಮ್ಮ ಮನೆಗಳಲ್ಲಿ ದಾಖಲೆಯೇ ಕ್ಷಮೆ ಕೇಳಬೇಕು. ನನಗೆ ಒಳಗೊಳಗೇ ನಗು ಬಂತು. ಹೀಗೆ ನಗುತ್ತಲೇ ಎಡಗಡೆಗೆ ಬಂದೆ, ಮುಂದಿನ ಮಡ್‌ಗಾರ್ಡಿನ ಮೇಲೆ ಟಾರ್ಚು ಬಿಟ್ಟೆ, ನಗು ನಿಂತಿತು.

ಅಲ್ಲೊಂದು ನೆಗ್ಗಿತ್ತು. ಬೋಗುಣಿಯಷ್ಟು ಅಗಲ, ಅಂಚಿಗೆಲ್ಲ ತುಕ್ಕು. ಅದನ್ನು ಮಾಡಿದವನು ನಾನು.

ಹೇಗೆಂದು ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ತು. ಕಾಲೇಜಿನ ರಜೆಗೆ ಸಿರುಗುಪ್ಪಕ್ಕೆ ಬಂದಿದ್ದೆ, ಅಕ್ಕನ ಮನೆಗೆಂದು ದೊಡ್ಡಬಸಪ್ಪನೂ ಬಂದಿದ್ದ. ಮಾವ ಮಧ್ಯಾಹ್ನ ಮಲಗಿದ್ದಾಗ ಇಬ್ಬರೂ ಕಾರು ತೆಗೆದುಕೊಂಡು ರಾರಾವಿ ರಸ್ತೆಗೆ ಹೊರಟೆವು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಕಾಲುವೆಯ ಸೇತುವೆ ಹತ್ತಿರ ಎಮ್ಮೆ ಅಡ್ಡ ಬಂತು. ನಗಬೇಡಿ, ನಿಜವಾಗಿಯೂ ಬಂತು. ನಾನು ತಿರುಗಿಸಿದೆ, ಮಡ್‌ಗಾರ್ಡು ಸೇತುವೆಯ ಕಲ್ಲಿಗೆ ಬಡಿಯಿತು. ಮನೆಗೆ ಬಂದು ಇಬ್ಬರೂ “ಎಮ್ಮಿ” ಎಂದೆವು. ಮಾವ ಎಮ್ಮೆಯನ್ನು ನಂಬಲಿಲ್ಲ. ತಮ್ಮ ಅಕ್ಕನ ಮಗ ಇಂಥದ್ದು ಮಾಡುವನೆಂದೂ ನಂಬಲಿಲ್ಲ. ಉಳಿದವನು ಒಬ್ಬನೇ. “ಇನ್ನ ಮ್ಯಾಲೆ ನೀ ಈ ಗಾಡಿ ಸ್ಟೇರಿಂಗ್ ಮುಟ್ಟಿದ್ರ ನೋಡು” ಎಂದು ಬಸಪ್ಪನಿಗೆ ಹೇಳಿದರು. ಬಸಪ್ಪ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಆ ತಿಂಗಳ ಹಬ್ಬಗಳೆಲ್ಲ ನನಗೆ ಬಾಯಿಪಾಠವಾದವು.

ಈಗ ಲೆಕ್ಕ ನೋಡಿ. ನೆಗ್ಗಿಲ್ಲದಿದ್ದರೆ ಕಾರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಕಟ್ಟಬಹುದು. ಮಡ್‌ಗಾರ್ಡಿನ ಟಿಂಕರಿಂಗ್, ಪೇಂಟಿಂಗ್ ಎಂದು ಹತ್ತು ಸಾವಿರ ಕಳೆದರೆ ಒಂದು ಲಕ್ಷ ಹತ್ತು. ಅಂದರೆ ನನ್ನ ತಪ್ಪಿಗೆ ಮಾವನಿಂದ ಹತ್ತು ಸಾವಿರ ಕಡಿಯುವವನೂ ನಾನೇ. ಫಾರಮ್ಮಿನಲ್ಲಿ ‘ಹಾನಿಗೆ ಕಾರಣ’ ಎಂಬ ಖಾನೆ ಇದೆ. ಅದನ್ನು ಖಾಲಿ ಬಿಟ್ಟೆ. ಸರ್ವೇಯರನಾದ ಮೇಲೆ ನಾನು ಖಾಲಿ ಬಿಟ್ಟ ಮೊದಲ ಖಾನೆ ಅದು.

ಅಷ್ಟರಲ್ಲಿ ದೊಡ್ಡಬಸಪ್ಪ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದ. ಹೆಗಲ ಮೇಲೆ ಅಗಲವಾದ ಟವಲು. “ಏನಲೇ ಸಾಹೇಬಾ, ಆತೇನು ಲೆಕ್ಕ?” ಎಂದ. ನಾನು ಬೆಲೆ ಹೇಳಲು ಬಾಯಿ ತೆರೆದೆ. ಅವನು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದ. “ಏ, ಅದರ ಮುಂದ ಬಾಯಿಲೆ ಹೇಳಬ್ಯಾಡೋ!”

“ಯಾವುದರ ಮುಂದ?”

“ಗಾಡಿ ಮುಂದ. ಎತ್ತಿನ ಮುಂದ ನಾವು ರೇಟು ಬಾಯಿಬಿಟ್ಟು ಹೇಳಂಗಿಲ್ಲ. ಟವಲಿನ ಕೆಳಗ ಬಟ್ಟು ಹಿಡೀತೀವಿ.”

“ಬಸಪ್ಪಾ, ಇದು ಕಾರು.”

“ಇದ್ರ ಏನಾತು? ಭಾವನ ಮನ್ಯಾಗ ಎತ್ತಿನಂಗ ದುಡದೈತಿಲ್ಲೋ?”

ಮಾವ ಗಂಭೀರವಾಗಿ ತಲೆಯಾಡಿಸಿ, “ಅವ ಹೇಳೋದು ಖರೇ ಐತಿ” ಎಂದರು. ಮೂವತ್ತು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ನಾನು ಕೈ ಮುಂದೆ ಮಾಡಿದೆ.

ಟವಲು ನಮ್ಮಿಬ್ಬರ ಕೈಗಳನ್ನು ಮುಚ್ಚಿತು. ಒಂದು ಬೆರಳಿಗೆ ಹತ್ತು ಸಾವಿರ ಎಂದು ಮೊದಲೇ ಮಾತಾಗಿತ್ತು. ಅವನ ಐದೂ ಬೆರಳನ್ನು ಎರಡು ಸಲ ಹಿಡಿದೆ, ಆಮೇಲೆ ಒಂದು ಬೆರಳು. ಒಂದು ಲಕ್ಷ ಹತ್ತು. ಅವನು ನನ್ನ ಕೈಯನ್ನು ತಿರುವಿ ಹಿಡಿದು ಐದು, ಐದು, ಎರಡು ಎಂದು ಒತ್ತಿದ. ಕೊಳ್ಳುವವನೇ ಏರಿಸುತ್ತಿದ್ದಾನೆ! ತಪ್ಪಿರಬೇಕೆಂದು ಮತ್ತೆ ಒಂದೇ ಬೆರಳು ಹಿಡಿದೆ. ಅವನು ಎರಡೇ ಎಂದು ನನ್ನ ಬೆರಳು ನೋಯುವಂತೆ ಹಿಚುಕಿದ. “ನೀ ಎಡಗಡಿ ನೆಗ್ಗಿಗೆ ಕಡಿದಿ ಹೌದಿಲ್ಲೋ?” ಎಂದು ಕಿವಿಯಲ್ಲಿ ಹೇಳಿದ. “ಅದನ್ನ ಕಡೀಬ್ಯಾಡ. ಅದು ನಾ ಬಡದಿದ್ದು. ನಾ ಮಾಡಿದ ತಪ್ಪಿಗೆ ನನಗ ಅಗ್ಗ ಆದ್ರ ಭಾವಗ ಅನ್ಯಾಯ ಆಗಂಗಿಲ್ಲೇನು?”

“ನೀ ಬಡದಿದ್ದಾ?”

“ಹೂಂನೋ. ನೀ ಬಾಜೂಕ ಕುಂತಿದ್ದೆಲ್ಲ. ಎಮ್ಮಿ ಅಡ್ಡ ಬಂತು, ಒಂದು ಕೊಂಬು ಮುರದಿದ್ದು. ನಾ ತಿರುವಿದೆ. ಈಗೂ ಕಣ್ಣಿಗೆ ಕಟ್ಟಿದಂಗ ಐತಿ.”

ಮೂವತ್ತು ವರ್ಷ ಬೈಸಿಕೊಂಡು ಬೈಸಿಕೊಂಡು ಇವನು ತಪ್ಪನ್ನು ನೆನಪು ಮಾಡಿಕೊಂಡುಬಿಟ್ಟಿದ್ದಾನೆ. ಅಥವಾ ನಾನು ಮೂವತ್ತು ವರ್ಷ ಸುಮ್ಮನಿದ್ದು ಸುಮ್ಮನಿದ್ದು ಇಲ್ಲದ ತಪ್ಪನ್ನು ಬೆಳೆಸಿಕೊಂಡಿದ್ದೇನೆಯೇ? ಒಂದು ಕ್ಷಣ, ಒಂದೇ ಕ್ಷಣ, ಅವನ ಮಾತನ್ನು ನಂಬಿಬಿಡುವ ಆಸೆಯಾಯಿತು. ಎಷ್ಟು ಅನುಕೂಲವಾದ ನೆನಪು! ಅಷ್ಟು ಅನುಕೂಲವಾಗಿದೆ ಎಂಬ ಕಾರಣಕ್ಕೇ ಅದನ್ನು ತಿರಸ್ಕರಿಸಿದೆ. ಟವಲು ಕಿತ್ತು, ಕಾರಿನ ಮುಂದೆಯೇ ಗಟ್ಟಿಯಾಗಿ ಹೇಳಿದೆ: “ಮಾವಾ, ಆ ನೆಗ್ಗು ನಂದು. ಅವತ್ತು ಗಾಡಿ ಹೊಡದಾವ ನಾನು. ಬೈಸಿಕೊಂಡಾವ ಬಸಪ್ಪ. ಒಂದು ಲಕ್ಷ ಇಪ್ಪತ್ತರಾಗ ಅದಕ್ಕಂತ ಕಡದ ಹತ್ತು ಸಾವಿರ ನಾ ಕೊಡ್ತೀನಿ.”

ಯಾರಾದರೂ ನನ್ನ ಬೆನ್ನು ತಟ್ಟುವರೆಂದು ಕಾದೆ. ಬಸಪ್ಪ ಕೆಂಡವಾದ. “ಯಾಕಲೇ? ಮೂವತ್ತು ವರ್ಷ ಹೊತ್ತಾವ ನಾನು, ಈಗ ರೇಟು ಬಂತಂದ ಕೂಡಲೆ ನಂದು ಅಂತ ಬಂದೀಯೇನು? ಬಿಡಂಗಿಲ್ಲ. ಬಡದಾವ ನಾನ.”

“ನಾನು!”

“ನಾನ!”

ಮಾವ ಕೆಮ್ಮಿದರು. “ಏಮಿರಾ ಇದಿ” ಎಂದು ತೆಲುಗಿನಲ್ಲಿ ಶುರು ಮಾಡಿದರು. ಮನಸ್ಸಿಗೆ ಬಹಳ ಹತ್ತಿದಾಗ ಅವರು ತೆಲುಗಿಗೆ ದಾಟುತ್ತಾರೆ, ಮತ್ತೆ ಮರಳಿ ಬರುತ್ತಾರೆ. “ಏನ್ರೋ ಇದು? ನೀವಿಬ್ಬರೂ ಅಲ್ಲ. ನೀವು ಗಾಡಿ ತರಚಿಕೊಂಡು ಬಂದಿದ್ರಿ, ಅಷ್ಟ. ಮರುದಿನ ಸಿಟ್ಟಿನ್ಯಾಗ ಗಾಡಿ ತೆಗದು ಮಿಲ್ಲಿನ ಗೇಟಿಗೆ ಬಡದಾವ ನಾನು. ನೆಗ್ಗು ನಂದು. ಹೇಳಾಕ ನಾಚಿಕಿ ಬಂತು. ನೆಗ್ಗಿಗೆ ಹತ್ತು ಹೋಗಲಿ, ಸುಳ್ಳ ಬಸಪ್ಪಗ ಬೈದಿದ್ದಕ್ಕ ಇನ್ನ ಹತ್ತು ಹೋಗಲಿ. ನನಗ ಒಂದು ಲಕ್ಷನ ಸಾಕು.”

ನಾನು ಟಾರ್ಚು ಹಿಡಿದು ಮಂಡಿಯೂರಿದೆ. ಕಲ್ಲಿನ ಏಟಿಗೂ ಗೇಟಿನ ಏಟಿಗೂ ಇರುವ ವ್ಯತ್ಯಾಸವನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ತುಕ್ಕು ಎಲ್ಲ ಸಾಕ್ಷಿಯನ್ನೂ ತಿಂದು ಮುಗಿಸಿತ್ತು. ಕಲ್ಲಾದರೂ ಸರಿ, ಗೇಟಾದರೂ ಸರಿ ಎಂದು ಆ ನೆಗ್ಗು ಬಾಯಿ ತೆರೆದುಕೊಂಡು ಕೂತಿತ್ತು. ಕೊಳ್ಳುವವನು ಒಂದು ಲಕ್ಷ ಇಪ್ಪತ್ತಕ್ಕಿಂತ ಇಳಿಯಲೊಲ್ಲ, ಮಾರುವವರು ಒಂದು ಲಕ್ಷಕ್ಕಿಂತ ಏರಲೊಲ್ಲರು. ಇಬ್ಬರೂ ಮುಖ ತಿರುಗಿಸಿ ನಿಂತರು. ಅತ್ತೆಯ ತವರುಮನೆ ನನ್ನ ಕಣ್ಣೆದುರೇ ಮುಗಿಯುತ್ತಿತ್ತು.

ಅತ್ತೆ ಮಿರ್ಚಿ ಎತ್ತುವ ಜಾರಿ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಮೂವರನ್ನೂ ಸಾಲಾಗಿ ನೋಡಿದರು. “ಅವತ್ತು ನೀವಿಬ್ಬರೂ ಬಂದು ಎಮ್ಮಿ ಅಂದ್ರಿ. ಇವರು ನಂಬಲಿಲ್ಲ. ನಾ ನಂಬಿದ್ದೆ. ಈ ಮನ್ಯಾಗ ನಂಬಿದಾಕಿ ನಾನೊಬ್ಬಾಕಿ. ಇವತ್ತಿಗೂ ನನ್ನ ಮಾತು ಅದ. ಎಮ್ಮಿ ಅಂತ ಬರಿ, ಸಾಕು. ಮಿರ್ಚಿ ಆರಾಕ ಹತ್ತ್ಯಾವ.”

ನಾನು ಯೋಚಿಸಿದೆ. ಎಮ್ಮೆಯ ತಪ್ಪಾದರೆ ಯಾರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲವೆಂದರೆ ನೆಗ್ಗಿದ ಕಾರಿಗೆ ನೆಗ್ಗಿದ ಕಾರಿನ ಬೆಲೆ. ಬಸಪ್ಪ ಹೆಚ್ಚು ಕೊಡಬೇಕಿಲ್ಲ, ಮಾವ ಇಳಿಸಬೇಕಿಲ್ಲ, ನಾನು ಸೇರಿಸಬೇಕಿಲ್ಲ. ಒಂದು ಲಕ್ಷ ಹತ್ತು ಸಾವಿರ. ಇದಕ್ಕಿಂತ ನ್ಯಾಯವಾದ ಬೆಲೆ ನನ್ನ ಜನ್ಮದಲ್ಲಿ ನಾನು ಕಟ್ಟಿಲ್ಲ, ಇದಕ್ಕಿಂತ ಅನುಮಾನದ ಕಾರಣವನ್ನು ಬರೆದದ್ದೂ ಇಲ್ಲ. ಖಾಲಿ ಬಿಟ್ಟಿದ್ದ ಖಾನೆಯಲ್ಲಿ ‘ಎಮ್ಮೆ ಅಡ್ಡ ಬಂದ ಕಾರಣ’ ಎಂದು ನೀಲಿ ಪೆನ್ನಿನಿಂದ ದುಂಡಗೆ ಬರೆದು, ಕೆಳಗೆ ಸಹಿ ಹಾಕಿ, ಸೀಲು ಒತ್ತಿದೆ. ಮಾವ ಬೀಗದ ಕೈಯನ್ನು ಬಸಪ್ಪನ ಕೈಗಿಟ್ಟು, “ಹೋಗು, ಒಂದು ರೌಂಡು ಹೊಡಕೊಂಡು ಬಾ. ಸೇತುವಿ ಹತ್ರ ನಿಧಾನಕ” ಎಂದರು. ಬಸಪ್ಪ ಸ್ಟೇರಿಂಗನ್ನು ಟವಲಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನೋಡಿ, ಬೀಗದ ಕೈ ತಿರುವಿದ. ಕಾರು ಚಾಲೂ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಅದನ್ನು ನಾನು ಫಾರಮ್ಮಿನಲ್ಲಿ ಬರೆದೇ ಇದ್ದೆ.

ಮಿರ್ಚಿ ತಿನ್ನುವಾಗ ಬಸಪ್ಪ ನನ್ನ ಫಾರಮ್ಮು ಓದಿ, ಬೆರಳಿಟ್ಟು, “ಒಂದು ಕೊಂಬು ಮುರದಿದ್ದು ಅಂತ ಬರದೇ ಇಲ್ಲಲ್ಲೋ” ಎಂದ.

ನಾನು ಬರೆಯಲಿಲ್ಲ. ಬರೆಯುವುದೂ ಇಲ್ಲ. ಗಾಡಿ ಯಾರು ಓಡಿಸಿದರೆಂದು ಬೇಕಾದರೆ ಬಿಟ್ಟುಕೊಡುತ್ತೇನೆ. ಆದರೆ ಆ ಎಮ್ಮೆಗೆ ಎರಡೂ ಕೊಂಬು ಇದ್ದವು. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.