ತ್ಯಾಂಪಣ್ಣನ ಹೊಸ ಎಲುಬು

ಕುಂಬ್ರದ ತ್ಯಾಂಪಣ್ಣ ತೆಂಗಿನಕಾಯಿ ಹೆರೆಯುವುದಿಲ್ಲ, ಗ್ಯಾಸ್ ಸಿಲಿಂಡರ್ ಎತ್ತುವುದಿಲ್ಲ. ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ವಾಲಿಬಾಲ್ ಫೈನಲ್ಲಿನ ಕೊನೇ ಪಾಯಿಂಟಿಗೆ ಹಾರಿ ಬಿದ್ದು ಬಲಗೈ ಎಲುಬು ಮುರಿದುಕೊಂಡವರು. ಕೆಲಸದ ಸುದ್ದಿ ಬಂದರೆ ಸಾಕು, ಆ ಕೈ ನೋಯಲು ಶುರು. ನೋವಿನ ಹಿಂದೆಯೇ ಕತೆ: ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟು, ನಿಂಬೆ ಶರಬತ್ತಿನ ಅಂಗಡಿ, ನೆಟ್ಟಿನಾಚೆ ಸುಳ್ಯದ ತಂಡ, ಹೆಂಗಸರ ಸಾಲಿನಲ್ಲಿ ಇನ್ನೂ ಮದುವೆಯಾಗದ ಸುಂದರಿ. ಪಂದ್ಯ ಸೋತರೂ ಅವಳು ಇವರ ಮುರಿದ ಕೈ ನೋಡಿ ಬಿಕ್ಕಿ ಬಿಕ್ಕಿ ಅತ್ತಳಲ್ಲ, ಅದೇ ಅವರ ಟ್ರೋಫಿ.

ಗ್ರಹಚಾರ ನೋಡಿ, ಒಂದು ಭಾನುವಾರ ಊರ ಶಾಲೆಯಲ್ಲಿ ಎಲುಬು ತಪಾಸಣೆಯ ಶಿಬಿರ. "ಇಷ್ಟು ವರ್ಷದ ನೋವು, ಒಮ್ಮೆ ತೋರಿಸುವ ಬನ್ನಿ," ಎಂದು ಹೆಂಡತಿ ಸುಂದರಿ ಎಳೆದುಕೊಂಡು ಹೋದರು. ಪಕ್ಕದ ಮನೆಯ ರುಖಿಯಮ್ಮ ಕರೆಯದೆಯೇ ಹಿಂದೆ ಬಂದರು.

ಡಾಕ್ಟರ್ ನಿಷಾ ಕೈಯನ್ನು ಒತ್ತಿ, ತಿರುಗಿಸಿ ನೋಡಿ ನಕ್ಕರು. "ಆಗ ಮುರಿದ ಎಲುಬು ಈಗ ನಿಮ್ಮ ಮೈಯಲ್ಲೇ ಇಲ್ಲ ಅಂಕಲ್."

"ಅಯ್ಯೋ! ಎಲ್ಲಿ ಹೋಯ್ತು ಮತ್ತೆ?"

"ಎಲುಬಿಗೂ ಜೀವ ಉಂಟು. ಒಳಗೆ ಒಂದು ಬಗೆಯ ಜೀವಕೋಶ ಹಳತನ್ನು ಕರಗಿಸ್ತಾ ಹೋಗ್ತದೆ, ಇನ್ನೊಂದು ಹೊಸತು ಕಟ್ತಾ ಬರ್ತದೆ. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಹೊಸತೇ."

"ಅಲ್ಲಾಹ್! ಹಾಗಾದ್ರೆ ತ್ಯಾಂಪಣ್ಣನಿಗೆ ಮೂರು ಸಲ ಹೊಸತು ಬಂದಾಯ್ತು!" ರುಖಿಯಮ್ಮನ ಸ್ವರ ಗೇಟಿನವರೆಗೆ ಕೇಳಿಸಿತು.

"ನೋವಿಗೆ ಎಂತ ಮಾಡುದು ಡಾಕ್ಟ್ರೆ?" ಸುಂದರಿ ಕೇಳಿದರು.

"ಕೈಗೆ ಕೆಲಸ ಕೊಡಿ. ಭಾರ ಬಿದ್ದಷ್ಟು ಎಲುಬು ಗಟ್ಟಿ."

ಮುಗಿಯಿತು ಕತೆ. ಮಧ್ಯಾಹ್ನ ಸಿಲಿಂಡರ್ ಎತ್ತಿಸಿದ್ದಾಯಿತು. "ನನ್ನದೂ ಒಂದುಂಟು, ನಿಮ್ಮ ಎಲುಬಿಗೆ ಒಳ್ಳೇದಲ್ವಾ," ಎಂದು ರುಖಿಯಮ್ಮ ತಮ್ಮ ಸಿಲಿಂಡರನ್ನೂ ಮೆಟ್ಟಿಲು ಹತ್ತಿಸಿದರು. ಸಂಜೆ ತ್ಯಾಂಪಣ್ಣ ಹೆರೆಮಣೆಯ ಮೇಲೆ ಕುಳಿತು ಕಾಯಿ ಹೆರೆಯುತ್ತಿದ್ದರು. ಎಲುಬು ಹೋದರೆ ಹಾಳಾಗಿ ಹೋಗಲಿ, ಆ ಹಳೇ ದಿನವೂ ಹೋಯಿತೇ ಎಂದು ಅವರಿಗೆ ಅಳುವೇ ಬಂತು.

"ಸುಂದರೀ, ಆವತ್ತು ನನ್ನ ಕೈ ನೋಡಿ ನೀನು ಎಷ್ಟು ಅತ್ತಿದ್ದೆ! ಅದಾದರೂ ನೆನಪುಂಟಾ?"

ಸುಂದರಿ ಪಕ್ಕದಲ್ಲಿ ಬಂದು ಕುಳಿತು ಅವರ ಕೈಯನ್ನು ಮೆಲ್ಲಗೆ ಸವರಿದರು.

"ನೆನಪಿಲ್ಲದೆ ಎಂತ? ಪಾಪ, ನೋವಲ್ಲಿದ್ದೀರಿ ಅಂತ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ. ಈಗ ಹೇಳ್ಬಹುದು. ನಾನು ಅತ್ತದ್ದು ಕೈ ನೋಡಿ ಅಲ್ಲ. ಆ ಚೆಂಡು ಗೆರೆಯಿಂದ ಹೊರಗೆ ಹೋಗ್ತಾ ಇತ್ತು ಮಾರಾಯ್ರೆ. ನೀವು ಮುಟ್ಟದೆ ಇದ್ದಿದ್ರೆ ನಾವು ಗೆಲ್ತಿದ್ದೆವು!"

ತ್ಯಾಂಪಣ್ಣ ಕಾಯಿಯ ಇನ್ನೊಂದು ಹೋಳನ್ನು ಕೈಗೆತ್ತಿಕೊಂಡರು.