ಅಧ್ಯಕ್ಷರ ತೊಡೆಯ ಮೇಲೆ ಹುಳಿ ಪಾತ್ರೆ

ರಘೋತ್ತಮ ಹೆಂಡತಿಯ ಯಾವ ಕೋರಿಕೆಗೂ ‘ಆಗದು’ ಎಂದವನಲ್ಲ. ಹಾಗಂತ ‘ಆಗಲಿ’ ಎಂದವನೂ ಅಲ್ಲ. ‘ನೋಡೋಣ’ ಎನ್ನುತ್ತಿದ್ದ. ಮೈಸೂರಿನಲ್ಲಿ ಅವನ ಅಪ್ಪ, ಅಜ್ಜ ಎಲ್ಲರೂ ಈ ಒಂದೇ ಶಬ್ದದಿಂದ ಸಂಸಾರ ತೂಗಿಸಿದವರು. ಕೇಳಿದವರಿಗೆ ಆಸೆ ಉಳಿಯುತ್ತದೆ, ಹೇಳಿದವನಿಗೆ ಕೆಲಸ ತಪ್ಪುತ್ತದೆ.

ಅಮೆರಿಕದ ವಾಲ್ನಟ್ ಕ್ರೀಕಿಗೆ ಬಂದು ಮನೆ ಹೂಡಿದಾಗಿನಿಂದ ಶೈಲಜಾ ಕೇಳುತ್ತಿದ್ದುದು ಒಂದೇ, ತನಗೂ ಕಾರು ಓಡಿಸಲು ಕಲಿಸಿ ಎಂದು. ಗ್ರೋಸರಿಗೂ, ಲೈಬ್ರರಿಗೂ, ಮಗಳ ಪಿಟೀಲು ಪಾಠಕ್ಕೂ ಗಂಡನ ಬಿಡುವು ಕಾದು ಕಾದು ಅವಳಿಗೆ ಸಾಕಾಗಿತ್ತು. ಅವಳು ಕಲಿಯುವುದಕ್ಕೆ ರಘೋತ್ತಮನ ತಕರಾರೇನೂ ಇರಲಿಲ್ಲ. ಅವನ ತಕರಾರಿದ್ದದ್ದು ಸುರಂಗದ ಬಗ್ಗೆ.

ಬರ್ಕ್ಲಿ, ಓಕ್ಲ್ಯಾಂಡ್ ಕಡೆಗೆ ಹೋಗುವ ಫ್ರೀವೇ ಅರ್ಧದಾರಿಯಲ್ಲಿ ಗುಡ್ಡದ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ಆ ಸುರಂಗದ ಬಾಯಿ ಕಂಡರೆ ರಘೋತ್ತಮನ ಅಂಗೈ ಬೆವರುತ್ತಿತ್ತು. ಆದ್ದರಿಂದ ಅವನು ತುಸು ಮೊದಲೇ ಬಲಕ್ಕೆ ತಿರುಗಿ, ಬೆಟ್ಟದ ಹಾವುದಾರಿ ಹತ್ತಿ ಇಳಿದು ಊರು ಸೇರುತ್ತಿದ್ದ. ಹೆಂಡತಿಗೂ ಮಗಳಿಗೂ ಅವನು ಹೇಳಿದ್ದ ಕಾರಣ, ಮೇಲಿನಿಂದ ಕೊಲ್ಲಿಯ ನೋಟ ಬಲು ಚೆಂದ ಎಂದು. (ದಿನಾ ಆಫೀಸಿಗೆ ಹೋಗುವ ರೈಲೂ ಅದೇ ಗುಡ್ಡವನ್ನು ಕೊರೆದುಕೊಂಡು ಹೋಗುತ್ತಿತ್ತು. ಅಲ್ಲಿ ಅವನು ಆರಾಮವಾಗಿ ಪೇಪರು ಓದುತ್ತಿದ್ದ. ರೈಲು ಓಡಿಸುವವನು ಬೇರೆ ಇದ್ದನಲ್ಲ.) ಶೈಲಜಾ ಕಾರು ಕಲಿತಳೆಂದರೆ ಬೋರ್ಡು ನೋಡಿ ನೇರ ದಾರಿ ಹಿಡಿಯುತ್ತಾಳೆ. ಆಗ ಗುಟ್ಟು ರಟ್ಟು, ಮನೆಯ ಯಜಮಾನಿಕೆ ಮಣ್ಣುಪಾಲು.

ಅದು ಅಮೆರಿಕದ ಸಂವಿಧಾನಕ್ಕೆ ಇನ್ನೂರು ತುಂಬಿದ ವರ್ಷ. ಎಂಟನೇ ಕ್ಲಾಸಿನ ಮಗಳು ಪ್ರಭಾಳಿಗೆ ಶಾಲೆಯಲ್ಲಿ ಸಂವಿಧಾನದ ಪರೀಕ್ಷೆ ಇತ್ತು. ಪಾಠ ಹೇಳಿಕೊಡಲು ರಘೋತ್ತಮ ಮುಂದಾದ. ಅವನು ಕೆಮಿಸ್ಟು. ಪ್ರಯೋಗ ಮಾಡದೆ ಯಾವುದೂ ತಲೆಗೆ ಹತ್ತದು ಎಂಬುದು ಅವನ ಸಿದ್ಧಾಂತ. ಹಾಗಾಗಿ ಊಟದ ಮೇಜಿನ ಮುಂದೆ, ಸಾರನ್ನ ಕಲಸುತ್ತಲೇ, ಮನೆಯನ್ನು ಗಣರಾಜ್ಯವೆಂದು ಘೋಷಿಸಿದ. ಶಾಸನ ಮಾಡುವ ಕಾಂಗ್ರೆಸ್ಸು ಶೈಲಜಾ. ಜಾರಿಗೆ ತರುವ ಅಧ್ಯಕ್ಷ ತಾನು. ತಂಟೆ ಬಂದರೆ ತೀರ್ಪು ಕೊಡುವ ಸುಪ್ರೀಂ ಕೋರ್ಟು ಪ್ರಭಾ. ಒಬ್ಬರ ಕೈಯಲ್ಲೇ ಎಲ್ಲ ಅಧಿಕಾರ ಸೇರಬಾರದು, ಒಬ್ಬರನ್ನೊಬ್ಬರು ತಡೆಯುತ್ತಿರಬೇಕು, ಅದೇ ಈ ದೇಶದ ಜಾಣತನ ಎಂದು ಭಾಷಣವನ್ನೂ ಮಾಡಿದ. ಶಾಸನವನ್ನು ತಡೆಹಿಡಿಯುವ ವೀಟೋ ಎಂಬ ಪರಮಾಸ್ತ್ರ ಅಧ್ಯಕ್ಷರ ಬಳಿ ಇರುತ್ತದೆಂದು ಎರಡು ಸಲ ಹೇಳಿದ.

ಶೈಲಜಾ ತಟ್ಟೆಗೆ ಪಲ್ಯ ಬಡಿಸುತ್ತ, “ಹಾಗಾದ್ರೆ ಮೊದಲನೇ ಶಾಸನ. ಕಾಂಗ್ರೆಸ್ಸು ಕಾರು ಕಲೀಬೇಕು” ಅಂದಳು.

“ನೋಡೋಣ” ಎಂದ ಅಧ್ಯಕ್ಷ.

ಎರಡು ವಾರ ಕಳೆದ ಮೇಲೆ, ಅವನು ತಂಪಾಗಿ ಮಜ್ಜಿಗೆ ಕುಡಿಯುತ್ತಿದ್ದಾಗ ನ್ಯಾಯಾಲಯ ಪುಸ್ತಕ ಹಿಡಿದುಕೊಂಡು ಬಂತು. ಅಧ್ಯಕ್ಷರು ಹತ್ತು ದಿನದೊಳಗೆ ಸಹಿಯನ್ನೂ ಮಾಡದೆ, ವಾಪಸ್ಸೂ ಕಳಿಸದೆ ಸುಮ್ಮನಿದ್ದರೆ ಮಸೂದೆ ತಾನಾಗಿ ಶಾಸನವಾಗುತ್ತದೆ. ಭಾನುವಾರ ಲೆಕ್ಕಕ್ಕಿಲ್ಲ. ‘ನೋಡೋಣ’ ಅನ್ನುವುದು ಸಹಿಯೂ ಅಲ್ಲ, ವೀಟೋನೂ ಅಲ್ಲ.

ರಘೋತ್ತಮ ಸೋಲಲಿಲ್ಲ. ತಾನೂ ಪುಸ್ತಕ ತಿರುವಿ ಇನ್ನೊಂದು ಸಾಲು ಹುಡುಕಿದ. ಆ ಅವಧಿಯೊಳಗೆ ಕಾಂಗ್ರೆಸ್ಸು ಅಧಿವೇಶನ ಮುಗಿಸಿ ಹೊರಟುಹೋಗಿದ್ದರೆ, ಸಹಿಯಿಲ್ಲದ ಮಸೂದೆ ಅಧ್ಯಕ್ಷರ ಜೇಬಿನಲ್ಲೇ ಸಾಯುತ್ತದೆ.

ಪ್ರಭಾ ಅವನನ್ನೇ ನೋಡಿದಳು. “ಬಟ್ ಅಪ್ಪಾ, ಅಮ್ಮ ಎಲ್ಲಿಗೂ ಹೋಗಿಲ್ಲ. ಶಿ ಕಾಂಟ್ ಡ್ರೈವ್.”

ಮೇಲ್ಮನವಿಗೆ ಜಾಗವಿರಲಿಲ್ಲ. ಶಾಸನವನ್ನು ನಿಷ್ಠೆಯಿಂದ ಜಾರಿಗೊಳಿಸುವುದು ಅಧ್ಯಕ್ಷರ ಕರ್ತವ್ಯವೆಂದು ಕೋರ್ಟು ಸೇರಿಸಿತು. ಹೀಗಾಗಿ ಭಾನುವಾರ ಬೆಳಗ್ಗೆ ಶಾಪಿಂಗ್ ಸೆಂಟರಿನ ಖಾಲಿ ಪಾರ್ಕಿಂಗಿನಲ್ಲಿ ರಘೋತ್ತಮನೇ ಗುರುವಾದ. ಅವಳು ಸರಾಗವಾಗಿ ಕಲಿತದ್ದು ಅವನಿಗೆ ಹೆಮ್ಮೆಯೂ ಹೌದು, ಸುರಂಗದ ದಿಗಿಲೂ ಹೌದು. ಅವನಿಗೆ ಮೂರನೇ ಸಲಕ್ಕೆ ದಕ್ಕಿದ್ದ ಲೈಸೆನ್ಸು ಅವಳಿಗೆ ಮೊದಲ ಸಲವೇ ಸಿಕ್ಕಿತು.

ನವೆಂಬರಿನಲ್ಲಿ ಬರ್ಕ್ಲಿಯ ಶಾಲೆಯೊಂದರಲ್ಲಿ ಕನ್ನಡ ಕೂಟದ ರಾಜ್ಯೋತ್ಸವ. ಮನೆಗೊಂದು ಅಡುಗೆ ಹಂಚಿದಾಗ ಶೈಲಜಾಳ ಪಾಲಿಗೆ ಬಂದದ್ದು ಹುಳಿ. ಇಷ್ಟು ವರ್ಷ ಗಂಡ ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುವಿಗೊಮ್ಮೆ ಮುಚ್ಚಳ ಒತ್ತಿಹಿಡಿಯುತ್ತಿದ್ದವಳು ಅವಳು. ಈ ಸಲ ಕೀಲಿ ಅವಳ ಕೈಯಲ್ಲಿತ್ತು. ಪಾತ್ರೆ, ಸಹಜವಾಗಿ, ಅಧ್ಯಕ್ಷರ ತೊಡೆಗೆ ವರ್ಗವಾಯಿತು. ಅವನು ಇಸ್ತ್ರಿಯ ಬಿಳೀ ಪಂಚೆ ಉಟ್ಟಿದ್ದ.

ಬೆಟ್ಟದ ದಾರಿಯ ಬೋರ್ಡು ಕಾಣಿಸಿತು.

“ಇಲ್ಲೇ ಬಲಕ್ಕೆ” ಎಂದ ರಘೋತ್ತಮ.

“ಬರ್ಕ್ಲಿ ನೇರ ಅಂತ ಬರೆದಿದೆಯಲ್ರೀ.”

“ನೋಟ, ಶೈಲೂ. ನೋಟ ಚೆನ್ನಾಗಿರುತ್ತೆ.”

“ಹುಳಿ ಆರಿಹೋಗುತ್ತೆ.”

“ಇದಕ್ಕೆ ನನ್ನ ವೀಟೋ ಇದೆ.”

ಹಿಂದಿನ ಸೀಟಿನಿಂದ ನ್ಯಾಯಾಲಯ ಬೇಸರದಿಂದ ನುಡಿಯಿತು: “ಟೂ ಲೇಟ್, ಅಪ್ಪಾ. ಇಟ್ಸ್ ಆಲ್ರೆಡಿ ಲಾ.”

ಬೋರ್ಡು ಹಿಂದೆ ಸರಿಯಿತು. ಸುರಂಗ ಬಾಯಿ ತೆರೆದು ಮೂವರನ್ನೂ ಹುಳಿಸಮೇತ ನುಂಗಿತು. ರಘೋತ್ತಮ ಕಣ್ಣು ಮುಚ್ಚಿ ಪಾತ್ರೆಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡ. ಮುಚ್ಚಳ ಜಾರಿತು. ಬೆಚ್ಚಗಿನದೇನೋ ಮೊಣಕಾಲಿನತ್ತ ಇಳಿಯುತ್ತಿದ್ದುದು ಗೊತ್ತಾಗಿಯೂ ಕೈ ಸಡಿಲಿಸಲಿಲ್ಲ. ಆದರೆ ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಅಂಗೈ ಬೆವರುತ್ತಿರಲಿಲ್ಲ. ಎದೆ ರೈಲಿನಲ್ಲಿದ್ದಷ್ಟೇ ಸಮವಾಗಿ ಹೊಡೆದುಕೊಳ್ಳುತ್ತಿತ್ತು. ಕಾರು ಓಡಿಸುವವರು ಬೇರೆ ಇದ್ದರು.

“ಮುಗೀತು, ಕಣ್ಣು ಬಿಡಿ” ಎಂದಳು ಶೈಲಜಾ.

ಬಿಸಿಲು ಬಿದ್ದಿತ್ತು. ಅವನು ಮೆಲ್ಲಗೆ ಕೇಳಿದ: “ನಿಂಗೆ ಯಾವಾಗ ಗೊತ್ತಾಯ್ತು?”

“ಮಂಜು ಮುಸುಕಿ ರಸ್ತೆನೇ ಕಾಣದ ದಿನಾನೂ ನೋಟ ತೋರಿಸ್ತೀನಿ ಅಂತ ಬೆಟ್ಟ ಹತ್ತಿಸಿದ್ರಲ್ಲ, ಆವಾಗಲೇ.” ಅವಳು ಲೇನು ಬದಲಿಸಿದಳು. “ಪಂಚೆ ನೆನೆಸಿಡಬೇಕು, ಅರಿಶಿನದ ಕಲೆ ಹೋಗಲ್ಲ.”

ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಹುಬ್ಬಳ್ಳಿಯ ಮಲ್ಲಪ್ಪ ಕೈಗಡಿಯಾರ ನೋಡಿಕೊಂಡು, “ಏನ್ರೀ ರಘೋತ್ತಮ, ಇಷ್ಟ್ ಲಗೂನ ಬಂದೀರಿ? ಯಾವಾಗ್ಲೂ ಊಟ ಮುಗದ ಮ್ಯಾಲೆ ಬರಾವ್ರು” ಅಂದ. ಆಮೇಲೆ ಪಂಚೆಯತ್ತ ನೋಡಿದ. “ಊಟನೂ ಮುಗದಂಗ ಕಾಣತೈತಿ.”

ಅಂದು ರಘೋತ್ತಮ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ವರ್ಷಗಟ್ಟಲೆ ಹೊತ್ತಿದ್ದ ಒಂದು ಸುರಂಗ ತಲೆಯಿಂದ ಇಳಿದಿತ್ತು.

ಹೊರಡುವಾಗ ಶೈಲಜಾ ಕೀಲಿ ಚಾಚಿದಳು. “ವಾಪಸ್ ನೀವೇ ಓಡಿಸ್ತೀರಾ? ಬೆಟ್ಟದ ಮೇಲೇ ಹೋಗೋಣ ಬೇಕಾದ್ರೆ.”

ಅಧಿಕಾರ ಒಬ್ಬರ ಕೈಯಲ್ಲೇ ಇರಬಾರದು ಎಂದು ರಘೋತ್ತಮ ಗಂಭೀರವಾಗಿ ನುಡಿದು, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದು, ತೊಳೆದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡ.

“ಖಾಲಿ ಅಲ್ವೇನ್ರೀ ಅದು? ಹಿಂದೆ ಇಡಿ.”

“ಇರಲಿ ಬಿಡು” ಎಂದ ಅಧ್ಯಕ್ಷ, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡು. “ಹಿಡ್ಕೊಳ್ಳೋಕೆ ಏನಾದ್ರೂ ಬೇಕು.”